ಒಂದು ಹೆಚ್ಚು

ಮಲಾರ್ಗ್ವೆ ದಾಟಿ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರು.
ಆಮೇಲೆ ಮರವಿಲ್ಲ, ಮಾತಿಲ್ಲ, ಗಾಳಿಯೊಂದೇ.
ಅಲ್ಲಿದೆ ನಾನು ರಾತ್ರಿಪಾಳಿ ಕಾಯುವ ಬಿಳಿ ಬೋಗುಣಿ,
ಆಂಡಿಸ್ ಬೆಟ್ಟದ ಮೇಲಿನ ಕತ್ತಲಿಗೆ ಬಾಯ್ದೆರೆದು.
ಅವ್ವನ ಕಣ್ಣಿಗೆ ಅದು
ಯಾರೋ ತೊಳೆದು ಬೋರಲು ಹಾಕಲು ಮರೆತ ಪಾತ್ರೆ.

ಆಡು ಮುಟ್ಟದ ಸೊಪ್ಪಿಲ್ಲ, ನಿಜ.
ಕ್ಷ-ಕಿರಣ ಮಾತ್ರ ಈ ನೆಲದ ಒಂದೆಸಳನ್ನೂ ಮುಟ್ಟಿಲ್ಲ.
ಗಾಳಿ ಅದನ್ನು ಮೇಲೆಯೇ ನುಂಗಿಬಿಡುತ್ತದೆ.
ಅದಕ್ಕೇ ಕನ್ನಡಿಗಳನ್ನು ಕೊಳವೆಯೊಳಗೆ ಕೊಳವೆಯಾಗಿ ಜೋಡಿಸಿ
ಗಾಳಿ ಮುಗಿಯುವಲ್ಲಿಗೆ ಕಳಿಸಿದ್ದಾರೆ.
ಅಲ್ಲಿ ಕೂಡಿಟ್ಟದ್ದನ್ನು ದೂರದರ್ಶಕ
ನನ್ನ ಬೋಗುಣಿಗೆ
ಹಾಲಿನ ಹಾಗೆ ಕರೆಯುತ್ತದೆ.

ಹನ್ನೊಂದು ಗಂಟೆ ಒಂದೇ ಕಡೆ ನೋಟ ನೆಟ್ಟು
ಸಿಕ್ಕಿದ್ದು ಹದಿಮೂರು ಫೋಟಾನು.
ಸಾವಿರವಲ್ಲ, ನೂರಲ್ಲ,
ಎರಡು ಕೈ ಬೆರಳು ಮುಗಿದು ಮೇಲೆ ಮೂರು.
ಒಂದೊಂದಕ್ಕೂ ಬಂದ ಹೊತ್ತು, ಬಿದ್ದ ಜಾಗ, ತಂದ ಕಸುವು
ಬರೆದಿಟ್ಟಿದೆ.
ಇವು ಹೊರಟಾಗ ಸೂರ್ಯನಿಗೆ ಹೆಸರಿಡುವವರಿರಲಿ,
ಸೂರ್ಯನೇ ಇರಲಿಲ್ಲ.
ಅಷ್ಟು ದೂರದಲ್ಲಿ ಗ್ಯಾಲಕ್ಸಿಗಳದೊಂದು ಹಿಂಡಿದೆ ಎನ್ನುವುದಕ್ಕೆ
ಈ ಹದಿಮೂರೇ ಸಾಕ್ಷಿ.

ಪಲೆರ್ಮೋದಿಂದ ಡಾಕ್ಟರ್ ಇಂಗ್ರಾಸಿಯಾ ಬರೆದರು:
ಒಂಬತ್ತನೆಯದನ್ನು ಇನ್ನೊಮ್ಮೆ ನೋಡು, ದೆಲ್ಮಿರಾ.

ನೋಡಿದೆ.
ಫೋಟಾನು ಬಿದ್ದರೆ ಒಂದು ಚೌಕ ತೋಯುತ್ತದೆ,
ಹೆಚ್ಚೆಂದರೆ ಪಕ್ಕದ್ದಕ್ಕೆ ಒಂಚೂರು ತುಳುಕೀತು.
ಇದು ಮೂಲೆಯಿಂದ ಮೂಲೆಗೆ
ನಾಲ್ಕು ಚೌಕ ಗೀರಿಕೊಂಡು ಹೋಗಿತ್ತು.
ದಾರಿಹೋಕ ವಿಶ್ವಕಿರಣ, ಬಹುಶಃ.
ಬಹುಶಃ ಅಲ್ಲ.
ಹದಿಮೂರಾದರೆ ಅದರ ಹೆಸರು ಶೋಧ,
ಹನ್ನೆರಡಾದರೆ ಸುಳಿವು.
ಎರಡರ ನಡುವೆ ನನ್ನ ಮೂರು ವರ್ಷ.

ಅದೇ ವಾರ ತಮ್ಮ ಅನ್ಸೆಲ್ಮೊ
ಬೇಸಿಗೆಯ ಎತ್ತರ ಬಿಟ್ಟು ಹಿಂಡಿನ ಜೊತೆ ಇಳಿದ.
ರೊಪ್ಪದ ಬಾಗಿಲಲ್ಲಿ ನಿಂತು
ಒಳಹೋಗುವ ಬೆನ್ನುಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು ಅವ್ವ:
ಇನ್ನೂರ ಹದಿನಾಲ್ಕು.
ನಮ್ಮವು ಇನ್ನೂರ ಹದಿಮೂರು.

ಕಡಿಮೆ ಬಿದ್ದರೆ ಏನು ಮಾಡಬೇಕೆಂದು ನಮಗೆ ಗೊತ್ತು,
ಪೂಮಾದ ಹೆಜ್ಜೆ, ಕಮರಿ, ಹಿಮ, ಒಂದೊಂದಾಗಿ ಹುಡುಕುತ್ತೇವೆ.
ಹೆಚ್ಚಾದರೆ?

ಲಾಂದ್ರ ಹಿಡಿದು ಕಿವಿ ತಡವಿದೆವು.
ನಮ್ಮ ಗುರುತು ಎಡಗಿವಿಯ ತುದಿಗೊಂದು ಕಚ್ಚು.
ಕಂದು ಆಡೊಂದಕ್ಕೆ ಬಲಗಿವಿಯಲ್ಲಿ ಉದ್ದ ಸೀಳು:
ನದಿಯಾಚೆಯ ಸೆಪುಲ್ವೇದನದು.
ಗಬ್ಬ ಬೇರೆ, ಅಂದ ತಮ್ಮ, ಅದರ ಹೊಟ್ಟೆ ಸವರುತ್ತ.
ಅವ್ವ ಏನೂ ಅನ್ನಲಿಲ್ಲ.
ಸೋರೆಬುರುಡೆಯ ಕಹಿ ಎಲೆಗೆ ಬಿಸಿನೀರು ಹೊಯ್ದು
ತಾನು ಹೀರಿದಳು, ನನಗೆ ಕೊಟ್ಟಳು,
ಅವನ ಸರದಿ ಬಂದಾಗ ಮತ್ತೆ ನನಗೇ ಕೊಟ್ಟಳು.

ಬೆಳಕು ಹರಿಯುವಾಗ ಅವನಿರಲಿಲ್ಲ.
ಕಪ್ಪು ಲಾವಾ ನೆಲದ ಮೇಲೆ ಕುದುರೆ,
ಹಿಂದೆ ಹಗ್ಗದಲ್ಲಿ ನಿಧಾನಕ್ಕೆ ಆ ಬಸುರಿ.
ಎರಡು ದಿನ ಬಿಟ್ಟು ಬಂದ, ಕೈಯಲ್ಲೊಂದು ಗಿಣ್ಣದ ಗಡ್ಡೆ.
ಸೆಪುಲ್ವೇದ ಇನ್ನೂ ಎಣಿಸಿಯೇ ಇರಲಿಲ್ಲವಂತೆ.
ಹೇಳಿ ತಾನೇ ನಕ್ಕ, ಸ್ವಲ್ಪ ಸಿಟ್ಟಿನಿಂದ.

ಆ ರಾತ್ರಿಯ ಪಾಳಿಯಲ್ಲಿ
ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತೆ.
ನನ್ನನ್ನೂ ಯಾರೂ ಎಣಿಸುತ್ತಿರಲಿಲ್ಲ,
ಇಂಗ್ರಾಸಿಯಾ ಒಬ್ಬರು, ಅವರೂ ನಿದ್ದೆಯಲ್ಲಿ.
ತೆಗೆದೆ.
ಸುಳಿವು ಅಂತಲೇ ಬರೆದೆ.

ತಮ್ಮನಿಗಾದರೆ ನದಿಯಾಚೆ ಒಂದು ಬಾಗಿಲಿತ್ತು.
ಇದನ್ನು ನಾನು ಎಲ್ಲಿಗೆ ಹೊಡೆದುಕೊಂಡು ಹೋಗಲಿ?
ಯಾವ ನಕ್ಷತ್ರ ಸಿಡಿದಾಗ ಹಿಂಡಗಲಿತೋ,
ಎಷ್ಟು ಕಾಂತಕ್ಷೇತ್ರಗಳ ತಿರುವುಗಳಲ್ಲಿ
ಬಂದ ದಾರಿಯೇ ಅಳಿಸಿ ಹೋಗಿ
ಕಿವಿಯೇ ಇಲ್ಲದೆ ನನ್ನ ರೊಪ್ಪಕ್ಕೆ ನುಗ್ಗಿದ್ದು.

ಹೊರಗೆ ಬೋಗುಣಿ ಕಿರುಗುಟ್ಟಿ
ಇನ್ನೊಂದು ದಿಕ್ಕಿಗೆ ತಿರುಗತೊಡಗಿತು.
ದಿನಚರಿಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ಅಳಿಸಿದರೂ ಅಳಿಯಲಿ ಎಂದು ಬರೆದಿಟ್ಟೆ:
ಮೂರು ಗಂಟೆ ಹದಿನೇಳು ನಿಮಿಷಕ್ಕೆ
ಒಂದು ಬಂದಿತ್ತು.
ನಮ್ಮದಲ್ಲ.